ಬಣ್ಣ ಬಳಿಯದ ಲಿವರ್

ಏಜಿಯನ್ ಸಮುದ್ರದ ಪೂರ್ವ ದ್ವೀಪಗಳ ನಡುವೆ ಓಡಾಡುವ ಹಳೆಯ ಹಡಗುಗಳ ಎಂಜಿನ್ ಕೋಣೆಗಳಲ್ಲಿ ಆಯುಷ್ಯ ಸವೆಸಿದವರ ಸಾಲಿನಲ್ಲಿ ಮೊದಲ ಮಣೆ ಶ್ರೀ ಸ್ಟರ್ಗೋಸ್ ಕರಪಿಪೇರಿಸ್ ಅವರಿಗೇ ಸಲ್ಲಬೇಕು ಎಂಬುದರಲ್ಲಿ ನಮ್ಮ ಲೇರೋಸ್ ದ್ವೀಪದಲ್ಲಿ ಎರಡು ಮಾತಿಲ್ಲ. ಮುದಿ ಡೀಸೆಲ್ ಎಂಜಿನ್ನೊಂದರ ವೇಗ ಹಿಡಿತ ತಪ್ಪಿ ಹೊಯ್ದಾಡತೊಡಗಿದರೆ, ಸಾಮೋಸಿನಿಂದ ರೋಡ್ಸಿನವರೆಗಿನ ಯಾವ ಹಡಗಿನವರೇ ಆಗಲಿ, ಮೊದಲು ನೆನೆಯುತ್ತಿದ್ದುದು ತಮ್ಮ ಊರಿನ ಸಂತನನ್ನು, ಅನಂತರ ಇವರನ್ನು. ಸಂತ ನಿಧಾನಿಸುತ್ತಿದ್ದ, ಇವರು ಮುಂದಿನ ಹಡಗಿಗೇ ಹೊರಟು ಬರುತ್ತಿದ್ದರು.

ಇಷ್ಟು ಬಲ್ಲವರು ಪಿರೇಯಸ್ ಬಂದರಿನ ಕಚೇರಿಯಲ್ಲಿ ಕುಳಿತು ಕಂಪನಿಯ ಎಲ್ಲ ಹಡಗುಗಳ ಎಂಜಿನ್‌ಗಳನ್ನೂ ನೋಡಿಕೊಳ್ಳುವ ಹುದ್ದೆಗೆ ಏರದೆ, ‘ಅಯಾ ಕ್ಯುರಾ’ ಎಂಬ ಒಂದೇ ಹಳೆಯ ಹಡಗಿನ ಹೊಟ್ಟೆಯಲ್ಲಿ ಏಕೆ ಉಳಿದುಬಿಟ್ಟರು ಎಂಬ ಪ್ರಶ್ನೆಯನ್ನು ನಮ್ಮೂರಿನ ಕಾಫಿ ಅಂಗಡಿಗಳು ವರ್ಷಗಟ್ಟಲೆ ಅಗಿದಿವೆ. ಹೆಂಡತಿ ಊರು ಬಿಡಲು ಒಪ್ಪಲಿಲ್ಲ ಎಂದವರುಂಟು. ಬಾಯಿ ಜೋರು, ಮೇಲಿನವರಿಗೆ ಆಗಿಬರಲಿಲ್ಲ ಎಂದವರೂ ಉಂಟು. ಅವರ ಕೈಕೆಳಗೆ ಅರ್ಧ ಆಯುಷ್ಯ ಕಳೆದ ನನಗೂ ನಿಜ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಾಯಿತು. ಗೊತ್ತಾದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅವರ ಅಭಿನಂದನ ಗ್ರಂಥದ ಈ ಲೇಖನಕ್ಕೆಂದು ಕುಳಿತು, ಎದ್ದು, ಹಡಗುಕಟ್ಟೆಯವರೆಗೆ ಹೋಗಿ ಬಂದು, ಮತ್ತೆ ಕುಳಿತಿದ್ದೇನೆ. ಅಭಿನಂದನ ಸಮಿತಿಯವರು “ಶಾಂತಚಿತ್ತದಿಂದ ಬರೆಯಿರಿ” ಎಂದು ಹೇಳಿ ಕಳಿಸಿದ್ದಾರೆ. ಶಾಂತಚಿತ್ತ ಬೇಕಿದ್ದರೆ ಪಾದ್ರಿಗಳ ಕೈಲಿ ಬರೆಸಬೇಕಿತ್ತು.

ಶ್ರೀಯುತರು ಹುಟ್ಟಿದ್ದು ಕ್ಸಿರೋಕಂಬೋಸ್ ಕೊಲ್ಲಿಯ ಮೀನುಗಾರರ ಮನೆಯಲ್ಲಿ. ತಂದೆಯ ದೋಣಿಯ ಒಂಟಿ ಸಿಲಿಂಡರಿನ ಎಂಜಿನ್ನೇ ಅವರ ಮೊದಲ ಪಾಠಶಾಲೆ. ಮುಂದೆ ಹಡಗು ಎಂಜಿನಿಯರುಗಳ ಶಾಲೆಯಲ್ಲಿ ಓದಿ, ಸರಕು ಹಡಗುಗಳಲ್ಲಿ ದೂರದೂರದ ಬಂದರುಗಳನ್ನು ಕಂಡು, ಕೈಯಲ್ಲಿ ಮುಖ್ಯ ಎಂಜಿನಿಯರನ ಅರ್ಹತೆಪತ್ರ ಹಿಡಿದುಕೊಂಡು ಊರಿಗೆ ಮರಳಿ, ದ್ವೀಪದಿಂದ ದ್ವೀಪಕ್ಕೆ ಜನರನ್ನೂ ಲಾರಿಗಳನ್ನೂ ಕುರಿಗಳನ್ನೂ ಹೊತ್ತೊಯ್ಯುವ ‘ಅಯಾ ಕ್ಯುರಾ’ದ ಎಂಜಿನ್ ಕೋಣೆಗೆ ಇಳಿದರು. ಅಲ್ಲಿಂದ ನಿವೃತ್ತಿಯ ದಿನದವರೆಗೆ ಅವರನ್ನು ಮೇಲೆ ತರಲು ಯಾರಿಂದಲೂ ಆಗಲಿಲ್ಲ.

ಕುಳಿತು ಕಾಫಿ ಕುಡಿದ ಸ್ಟರ್ಗೋಸರನ್ನು ನಾನು ಕಂಡಿಲ್ಲ. ಒಂದು ಗುಟುಕು ಇಲ್ಲಿ, ಇನ್ನೊಂದು ಗುಟುಕು ಪಂಪಿನ ಪಕ್ಕ, ಕೊನೆಯದು ಏಣಿಯ ಮೇಲೆ. ಕಟ್ಟೆಯ ಮೇಲೆ ಯಾರೊಡನೆಯೋ ಹರಟುತ್ತಿದ್ದವರು ಮಾತಿನ ನಡುವೆಯೇ ಕಿವಿ ನಿಮಿರಿಸಿ, ಭೂಶಿರದಾಚೆ ಇನ್ನೂ ಕಾಣದ ಹಡಗಿನ ಸದ್ದು ಹಿಡಿದು, “ಅದರ ಮೂರನೇ ಸಿಲಿಂಡರಿಗೆ ಕೆಮ್ಮು” ಎಂದುಬಿಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಹೆಮ್ಮೆಯೂ ಅಲ್ಲೇ ಪಕ್ಕದಲ್ಲಿ. ಅವರ ಎಂಜಿನ್ ಕೋಣೆಯ ನೆಲದ ಮೇಲೆ ಎಲೆ ಹಾಕಿ ಉಣ್ಣಬಹುದಿತ್ತು, ಉಣ್ಣಲು ಅವರು ಬಿಟ್ಟಿದ್ದರೆ.

ಈ ಹೆಮ್ಮೆಗೊಂದು ವಾರ್ಷಿಕ ಆಚರಣೆಯಿತ್ತು. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಊರೆಲ್ಲ ಗೋಡೆಗೆ ಸುಣ್ಣ ಹೊಡೆಯುವಾಗ ನಾವು ಹಡಗಿಗೆ ಬಣ್ಣ ಹೊಡೆಯುತ್ತಿದ್ದೆವು. ಗುರುವಾರ ಮನೆಮನೆಗಳಲ್ಲಿ ಹೆಂಗಸರು ಮೊಟ್ಟೆಗಳನ್ನು ಕೆಂಪು ಬಣ್ಣದಲ್ಲಿ ಅದ್ದುತ್ತಾರಲ್ಲ, ಆ ಬೆಳಿಗ್ಗೆ ಸ್ಟರ್ಗೋಸರು ತಾವೇ ಕುಂಚ ಹಿಡಿದು, ಎಂಜಿನ್ನಿನ ನೆತ್ತಿಯ ಪಕ್ಕದ ಉದ್ದನೆಯ ಲಿವರಿಗೆ ಕೆಂಪು ಬಳಿಯುತ್ತಿದ್ದರು. “ಇವಳಿಗೂ ಹಬ್ಬ ಬೇಡವೇ? ಇದು ಇವಳ ಮೊಟ್ಟೆ” ಎನ್ನುತ್ತಿದ್ದರು. ಆ ಕೆಲಸಕ್ಕೆ ಇನ್ನೊಬ್ಬರ ಕೈ ತಾಗುವಂತಿರಲಿಲ್ಲ.

ಆ ಲಿವರ್ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎಂಜಿನ್ನಿನ ವೇಗವನ್ನು ಕಾಯುವ ಪೆಟ್ಟಿಗೆಯೊಂದಿರುತ್ತದೆ. ನಾವು ಅದನ್ನು ಗವರ್ನರ್ ಎನ್ನುತ್ತೇವೆ. ವೇಗ ತಗ್ಗಿದರೆ ಇನ್ನಷ್ಟು ಇಂಧನ ಕೊಡು ಎನ್ನುತ್ತದೆ, ಹೆಚ್ಚಿದರೆ ಸಾಕು ಎನ್ನುತ್ತದೆ. ಅದರ ಮಾತನ್ನು ಇಂಧನ ಪಂಪುಗಳ ಸರಳಿಗೆ ಒಯ್ದು ಮುಟ್ಟಿಸುವುದೇ ಈ ಲಿವರ್. ಹೇಳುವವನು ಸರಿಯಿದ್ದು, ಕೇಳುವವನೂ ಸರಿಯಿದ್ದು, ನಡುವಿನವನು ಕೆಟ್ಟರೆ ಮನೆ ಏನಾಗುತ್ತದೋ ಎಂಜಿನ್ನೂ ಅದೇ ಆಗುತ್ತದೆ.

ನಾನು ಆ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕಿ ಒರೆಸುವವನಾಗಿದ್ದೆ. ನಾನು ಹೇಳಹೊರಟಿರುವ ವರ್ಷ ನನ್ನ ಹೆಂಡತಿ ಮರಿಗೋ ಚೊಚ್ಚಲ ಬಸುರಿ. ಎಂಜಿನಿಯರ್ ಪರೀಕ್ಷೆಗೆ ಕೂರು ಎಂದು ಸ್ಟರ್ಗೋಸರೇ ನನ್ನ ಬೆನ್ನು ಹತ್ತಿ, ಪ್ರಯಾಣದ ಬಿಡುವಿನಲ್ಲಿ ಪಾಠ ಶುರುಮಾಡಿದ್ದರು; ನಾನು ಅವರನ್ನು ಮಾಸ್ತ್ರೋ, ಅಂದರೆ ಗುರುಗಳೇ, ಎನ್ನುತ್ತಿದ್ದೆ. ಆದ್ದರಿಂದಲೇ ಆ ವರ್ಷದ ಪವಿತ್ರ ಗುರುವಾರ ಆದದ್ದು ನನಗೆ ಅಷ್ಟು ನಾಟಿತು.

ಬೆಳಿಗ್ಗೆ ಕಟ್ಟೆಯಲ್ಲಿ ಬಣ್ಣದ ಕೆಲಸ ಮುಗಿಸಿ ಮಧ್ಯಾಹ್ನ ಲಿಪ್ಸಿ ದ್ವೀಪಕ್ಕೆ ಹೊರಟೆವು. ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿನಲ್ಲಿ ಏನೋ ಕಸಿವಿಸಿ. ಲಿಪ್ಸಿಯ ಕಟ್ಟೆ ಹತ್ತಿರವಾಗುತ್ತಿದ್ದಂತೆ ವೇಗ ತಾನಾಗಿ ಏರಿತು, ತಾನಾಗಿ ಬಿತ್ತು, ಮತ್ತೆ ಏರಿತು. ಮೇಲಿನಿಂದ ಕಪ್ತಾನ್ ಯಕುಮಿಸರ ಕೂಗು ಮಾತಿನ ಕೊಳವೆಯಲ್ಲಿ ಇಳಿದು ಬಂತು:

“ಏನ್ರೋ ಕೆಳಗೆ? ಎಂಜಿನ್ ಓಡಿಸ್ತಿದೀರೋ, ತೊಟ್ಟಿಲು ತೂಗ್ತಿದೀರೋ?”

ಹಡಗಿನ ಮೂಗು ಕಟ್ಟೆಯ ಕಲ್ಲನ್ನು ಸವರಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಾಗೂ ಹೀಗೂ ಲೇರೋಸಿಗೆ ಮರಳಿ ತಂದೆವು. ದೋಷ ಕಳೆಯುವವರೆಗೆ ಹಡಗು ಹಗ್ಗ ಬಿಚ್ಚಕೂಡದು ಎಂದು ಬಂದರಿನ ಅಧಿಕಾರಿಗಳು ಅಪ್ಪಣೆ ಮಾಡಿದರು. ಆ ಕಾಲದಲ್ಲಿ ಲಿಪ್ಸಿಗೆ ಹಬ್ಬದ ಕುರಿಮರಿಗಳು, ಮೇಣದಬತ್ತಿಗಳು, ಅಥೆನ್ಸಿನಿಂದ ಬಂದಿಳಿದಿದ್ದ ಮಕ್ಕಳು, ಎಲ್ಲಕ್ಕೂ ನಮ್ಮದೊಂದೇ ಹಡಗು. ಕಟ್ಟೆಯ ತುಂಬ ಗಂಟುಮೂಟೆ, ಕುರಿಗಳ ಅರಚು, ಜನರ ಗೊಣಗು.

ಸ್ಟರ್ಗೋಸರು ಹುಡುಕಲು ಇಳಿದರು. ಇಂಧನದಲ್ಲಿ ನೀರು ಸೇರಿದೆಯೇ ಎಂದು ನೋಡಿದರು, ಇಲ್ಲ. ಫಿಲ್ಟರುಗಳನ್ನು ಬಿಚ್ಚಿ ತೊಳೆದರು, ಇಂಧನದ ಕೊಳವೆಗಳಲ್ಲಿ ಗಾಳಿ ಸಿಕ್ಕಿದೆಯೇ ಎಂದು ಸಡಿಲಿಸಿ ನೋಡಿದರು, ಒಂದೊಂದು ಸಿಲಿಂಡರಿನ ಬಿಸಿಯನ್ನೂ ಅಳೆದರು. ಎಲ್ಲ ಸರಿ. ಎಂಜಿನ್ ಮಾತ್ರ ಏರುತ್ತಲೇ ಇತ್ತು, ಇಳಿಯುತ್ತಲೇ ಇತ್ತು. ಕೊನೆಗೆ ಗವರ್ನರಿನ ಎಣ್ಣೆಯನ್ನು ಹೊರಗೆ ಬಸಿದರು. ಎಣ್ಣೆ ಸ್ವಲ್ಪ ಕಪ್ಪಾಗಿತ್ತು. ಹಳೆಯ ಗವರ್ನರಿನ ಎಣ್ಣೆ ಕಪ್ಪಾಗದೆ ಕೆಂಪಗಿರುತ್ತದೆಯೇ? ಆದರೆ ಅವರಿಗೆ ಹಿಡಿಯಲು ಏನಾದರೊಂದು ಬೇಕಿತ್ತು.

“ಇದಕ್ಕೆ ಎಣ್ಣೆ ಹಾಕಿದ್ದು ಯಾರು?”

“ನಾನು, ಮಾಸ್ತ್ರೋ. ಬುಧವಾರ.”

“ಯಾವ ಡಬ್ಬಿಯಿಂದ?”

“ನೀವು ತೋರಿಸಿದ್ದರಿಂದಲೇ.”

“ನಾನು ತೋರಿಸಿದ ಡಬ್ಬೀಲಿ ಇಂಥ ಕೊಳಚೆ ಇರಲ್ಲ ಕಣಯ್ಯಾ! ಗವರ್ನರಿಗೆ ಚರಂಡಿ ನೀರು ಕುಡಿಸಿದೀಯ ನೀನು. ಊರ ಹಬ್ಬ ಹಾಳು ಮಾಡಿದೆ. ನಡಿ, ಮೇಲೆ ನಡಿ, ನನ್ನ ಕಣ್ಮುಂದೆ ನಿಲ್ಲಬೇಡ!”

ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟೆಯ ಗೂಡಂಗಡಿಯ ಫೋನಿನಿಂದ ಪಿರೇಯಸ್ಸಿನ ಕಚೇರಿಗೆ ಅದನ್ನೇ ಹೇಳಿದರು. ಹಬ್ಬ ಕಳೆದೊಡನೆ ನನ್ನನ್ನು ಕೆಲಸದಿಂದ ಇಳಿಸುವಂತೆ ಅಲ್ಲಿಂದ ಮಾತು ಬಂತು. ಗೂಡಂಗಡಿಯವನು ಕೇಳಿಸಿಕೊಂಡ ಮೇಲೆ ಊರಿಗೆ ಬೇರೆ ಡಂಗುರ ಬೇಕೇ? ಲೇರೋಸಿನಲ್ಲಿ ನನಗೆ ಇನ್ನೊಂದು ಹಡಗಿಲ್ಲ. ಬಸುರಿಯನ್ನು ಬಿಟ್ಟು, ಗವರ್ನರ್ ಕೆಡಿಸಿದವನೆಂಬ ಹೆಸರು ಹೊತ್ತು, ಪರದೇಶದ ಸರಕು ಹಡಗಿನಲ್ಲಿ ಕೆಲಸ ಬೇಡಲು ಹೋಗಬೇಕಿತ್ತು. ಹೋದರೂ ಆ ಹೆಸರು ಕೇಳಿ ಯಾರು ಕೊಡುತ್ತಿದ್ದರು?

ಮರುದಿನ ಶುಕ್ರವಾರ. ಹೂವಿನಿಂದ ಸಿಂಗರಿಸಿದ ಕ್ರಿಸ್ತನ ಚಟ್ಟವನ್ನು ಸಂಜೆ ಊರ ಬೀದಿಗಳಲ್ಲಿ ಹೊತ್ತು ನಡೆಯುವುದು ನಮ್ಮ ಕ್ರಮ. ಚಟ್ಟದ ಹಿಂದಿನ ಎಡಗಡೆಯ ಕಂಬಕ್ಕೆ ಹೆಗಲು ಕೊಡುವ ಹಕ್ಕು ನನ್ನ ಅಜ್ಜನ ಕಾಲದಿಂದ ನಮ್ಮ ಮನೆಯದು. ನಾನು ಹೆಗಲು ಕೊಡಲು ಹೋದಾಗ ಚರ್ಚಿನ ಮುಖಂಡ ನೋಮಿಕೋಸ್ ನನ್ನ ತೋಳು ಹಿಡಿದು, “ಈ ಸಲ ಬೇಡ ಮಿಕೆಸ್. ಜನ ಸಿಟ್ಟಲ್ಲಿದಾರೆ. ಬೇರೆಯವರು ಹೊರಲಿ” ಎಂದ. ನಾನು ಸುಮ್ಮನೆ ಹಿಂದೆ ಸರಿದೆ. ಮರಿಗೋ ಸುಮ್ಮನಿರುವವಳಲ್ಲ. “ಹಡಗು ನಿಂತರೆ ಹೆಗಲಿಗೂ ಮೈಲಿಗೆಯೇನು?” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಮೆರವಣಿಗೆ ಹೊರಟಿತು, ನಾವಿಬ್ಬರೂ ಕೊನೆಯಲ್ಲಿ ನಡೆದೆವು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಯಾರಿಗಾದರೂ ಎರಡು ಬಾರಿಸಬೇಕು ಅನಿಸುತ್ತಿತ್ತು.

ಆ ಹೊತ್ತಿಗೆ ಹಡಗಿನಲ್ಲಿ ಏನಾಗಿತ್ತು ಎಂಬುದನ್ನು ಸ್ಟರ್ಗೋಸರೇ ಮುಂದೆ ನನಗೆ ಹಲವು ಸಲ ಹೇಳಿದ್ದಾರೆ. ಶುಕ್ರವಾರ ಅವರು ಗವರ್ನರನ್ನೇ ಬಿಚ್ಚಿ, ಹಡಗಿನಲ್ಲಿದ್ದ ಹೊಸದನ್ನು ಹೊಸ ಎಣ್ಣೆಯೊಡನೆ ಕೂರಿಸಿದ್ದರು. ಎಂಜಿನ್ ಹೊಯ್ದಾಡುವುದು ಒಂದಿಷ್ಟೂ ತಗ್ಗಲಿಲ್ಲ. ಪೆಟ್ಟಿಗೆ ಬದಲಾದ ಮೇಲೂ ರೋಗ ಉಳಿದರೆ ರೋಗ ಪೆಟ್ಟಿಗೆಯದಲ್ಲ. ನನ್ನ ಎಣ್ಣೆಯದಂತೂ ಅಲ್ಲವೇ ಅಲ್ಲ. ಅವರಿಗೆ ಅದು ತಿಳಿಯದೇ? ತಿಳಿಯಿತು. ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಬೆನ್ನು ಬಾಗಲಿಲ್ಲ. “ಆ ದಿನ ನನಗಿಂತ ಎಂಜಿನ್ನೇ ಸಮಾಧಾನದಲ್ಲಿತ್ತು ಕಣೋ” ಎನ್ನುತ್ತಾರೆ.

ಶನಿವಾರ ಬೆಳಿಗ್ಗೆ ಒಬ್ಬರೇ ಇಳಿದು, ಎಂಜಿನ್ ನಿಂತಿದ್ದಾಗಲೇ, ಎಲ್ಲಕ್ಕಿಂತ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದರು. ಲಿವರನ್ನು ಗವರ್ನರಿನಿಂದ ಬಿಡಿಸಿ ಕೈಯಿಂದ ಆಡಿಸಿದರು. ಒಂದು ಬೆರಳಿಗೆ ಸರಿಯಬೇಕಾದದ್ದು ಅಂಗೈ ಒತ್ತಿದರೂ ಅಂಟಿ ನಿಂತಿತು. ಇನ್ನೂ ಒತ್ತಿದಾಗ ತಟ್ಟನೆ ಜಾರಿ ಮುಂದೆ ಹೋಯಿತು. ಕೀಲಿನ ಸಂದಿಯಲ್ಲಿ ಕೆಂಪು. ಹಿಂದಿನ ವರ್ಷಗಳ ಬಣ್ಣ ತೆಳ್ಳಗಿತ್ತು. ಆ ವರ್ಷ ಅವರು ಹೆಮ್ಮೆಯಿಂದ ತರಿಸಿದ್ದುದು ದಪ್ಪನೆಯ, ಬೇಗ ಗಟ್ಟಿಯಾಗುವ ಬಣ್ಣ; ಹಬ್ಬದ ಹುಮ್ಮಸ್ಸಿನಲ್ಲಿ ಕುಂಚ ಅದ್ದಿ ಅದ್ದಿ ಬಳಿದಿದ್ದರು. ಅದು ಕೀಲಿಗೆ ಇಳಿದು, ಎಂಜಿನ್ನಿನ ಕಾವಿಗೆ ಅಂಟಾಗಿ ಕುಳಿತಿತ್ತು. ಗವರ್ನರ್ ಕೊಡು ಎಂದರೆ ಲಿವರ್ ಅಲುಗುತ್ತಿರಲಿಲ್ಲ. ಅಲುಗಿದಾಗ ಬೇಕಾದ್ದಕ್ಕಿಂತ ಹೆಚ್ಚು ಹೋಗಿಬಿಡುತ್ತಿತ್ತು. ಸಾಕು ಎಂದಾಗಲೂ ಅದೇ ಪಾಡು. ಎಂಜಿನ್ನಿನ ತಳಮಳಕ್ಕೆಲ್ಲ ಕಾರಣ ಅವಳ ಹಬ್ಬದ ಮೊಟ್ಟೆ.

ಕೋಣೆಯಲ್ಲಿ ಅವರೊಬ್ಬರೇ. ಒರೆಸಿ ಹಾಕಿ ಸುಮ್ಮನಿದ್ದರೆ ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ‘ಹೊಸ ಗವರ್ನರ್ ಹಾಕಿದ ಮೇಲೆ ಸರಿಹೋಯಿತು’ ಎಂದಿದ್ದರೆ ಊರು ಇನ್ನಷ್ಟು ಹೊಗಳುತ್ತಿತ್ತು. ಕೀಲುಗಳನ್ನು ಬಿಚ್ಚಿ, ಬಣ್ಣ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಚ್ಚಿ ಜೋಡಿಸಿದರು. ಎಂಜಿನ್ ಶುರು ಮಾಡಿದರು. ವೇಗ ಏರಿಳಿಯದೆ ಒಂದೆಡೆ ನಿಂತಿತು. ಅವರು ನಿಲ್ಲಲಿಲ್ಲ. ಗೂಡಂಗಡಿಗೆ ಹೋಗಿ ಪಿರೇಯಸ್ಸಿಗೆ ಫೋನ್ ಮಾಡಿದರು, ಅಲ್ಲಿಂದ ನೇರ ಚರ್ಚಿಗೆ ಬಂದರು.

ಶನಿವಾರ ಬೆಳಗಿನ ಪೂಜೆಯಲ್ಲಿ ಪಾದ್ರಿಗಳು ಪುನರುತ್ಥಾನದ ಮೊದಲ ಸುದ್ದಿ ಸಾರುತ್ತ ಬುಟ್ಟಿಯಿಂದ ಎಲೆಗಳನ್ನು ತೂರುವಾಗ ನಾವು ಆಸನಗಳನ್ನು ದಡದಡ ಬಡಿಯುತ್ತೇವೆ. ಸೂರು ಕಿತ್ತುಹೋಗುವಂಥ ಗದ್ದಲ. ಆ ಗದ್ದಲದ ನಡುವೆ ಸ್ಟರ್ಗೋಸರು ಕೆಲಸದ ಬಟ್ಟೆಯಲ್ಲೇ, ಮೊಣಕೈವರೆಗೆ ಕೆಂಪು ಬಳಿದ ಕೈಗಳಲ್ಲಿ, ಜನರನ್ನು ಸರಿಸಿಕೊಂಡು ನನ್ನೆಡೆಗೆ ಬಂದರು.

“ಏ ಸ್ಟರ್ಗೋಸ್, ಮೊಟ್ಟೆಗೆ ಬಣ್ಣ ಹಾಕೋದು ಗುರುವಾರವೇ ಮುಗೀತಲ್ಲೋ!” ಎಂದು ಮುದುಕಿಯೊಬ್ಬಳು ನಕ್ಕಳು.

ಅವರು ನನ್ನ ಮುಂದೆ ನಿಂತು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಮತ್ತೆ ಹೇಳಿದರು, ಕೇಳಿಸಲಿಲ್ಲ. ಮೂರನೆಯ ಸಲ ಎದೆ ತುಂಬ ಉಸಿರು ತುಂಬಿ ಅರಚಿದರು. ಅದೇ ಗಳಿಗೆಗೆ ಬಡಿತ ನಿಂತಿತು.

“ಹಡಗು ನಿಲ್ಲಿಸಿದವನು ನಾನು! ಲಿವರಿಗೆ ಬಣ್ಣ ಬಳಿದವನು ನಾನು! ಇವನ ಎಣ್ಣೆ ಚೊಕ್ಕವಾಗಿತ್ತು, ಕೊಳಕಾಗಿದ್ದದ್ದು ನನ್ನ ಬಾಯಿ!”

ಪಾದ್ರಿ ಇಸಿಡೋರೋಸರು ಬುಟ್ಟಿ ಹಿಡಿದುಕೊಂಡೇ ತಿರುಗಿದರು. “ಕೂಗಬೇಡವೋ ಮಾರಾಯಾ, ದೇವರಿಗೆ ಕಿವಿ ಕೇಳುತ್ತೆ.”

“ದೇವರಿಗೆ ಹೇಳ್ತಿಲ್ಲ ಸ್ವಾಮಿ. ಊರಿಗೆ ಹೇಳ್ತಿದೀನಿ.”

“ಊರಿಗೆ ಕೇಳಿಸ್ತು,” ಎಂದಳು ಮರಿಗೋ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. “ಇವರ ಕೆಲಸದ ಕಥೆ?”

“ಅದನ್ನ ಉಳಿಸಿಯೇ ಬಂದಿದೀನಿ ತಾಯಿ. ಮಿಕೆಸ್, ನಡಿಯೋ, ಜನ ಕಾಯ್ತಿದಾರೆ.”

ಬಿದ್ದು ಅಪ್ಪಿಕೊಂಡೆನೆಂದು ಬರೆದರೆ ಸುಳ್ಳಾಗುತ್ತದೆ. ನಾನು ಅವರ ಹಿಂದೆ ಹಡಗಿಗೆ ನಡೆದೆ. ಮಧ್ಯಾಹ್ನ ಹಡಗು ಕುರಿ, ಮೇಣದಬತ್ತಿ, ಮಕ್ಕಳನ್ನೆಲ್ಲ ಹೊತ್ತು ಲಿಪ್ಸಿಗೆ ಹೋಯಿತು. ನನ್ನ ಸಿಟ್ಟು ಇಳಿಯಲು ಬೇಸಗೆ ಕಳೆಯಬೇಕಾಯಿತು. ಅವರು ಅವಸರಪಡಿಸಲಿಲ್ಲ. ಪಾಠವನ್ನು ನಿಲ್ಲಿಸಲೂ ಇಲ್ಲ. ನಾನು ಮುಖ ಗಂಟಿಕ್ಕಿಕೊಂಡೇ ಕಲಿತೆ, ಅವರು ಗಂಟುಮುಖಕ್ಕೇ ಕಲಿಸಿದರು. ಚರ್ಚಿನಲ್ಲಿ ನಮ್ಮ ಮಗಳಿಗೆ ಹೆಸರಿಟ್ಟಾಗ ಜ್ಞಾನಸ್ನಾನದ ತಂದೆಯಾಗಿ ನಿಂತವರು ಅವರೇ. ಮರುವರ್ಷದ ಶುಕ್ರವಾರ ನನ್ನ ಕಂಬವನ್ನು ನೋಮಿಕೋಸನ ಕೈಯಿಂದ ತಾವೇ ಇಸಿದುಕೊಂಡು ನನ್ನ ಹೆಗಲಿಗಿಟ್ಟು, ಅದೇ ಬದಿಯ ಮುಂದಿನ ಕಂಬಕ್ಕೆ ತಮ್ಮ ಹೆಗಲು ಕೊಟ್ಟರು. ಅಂದಿನಿಂದ ಪ್ರತಿವರ್ಷ ಅವರು ಮುಂದೆ, ನಾನು ಹಿಂದೆ.

ಅವರ ಕೈಕೆಳಗೆ ಕಲಿತ ಎಲ್ಲರಿಗೂ ಒಂದು ಸೂತ್ರ ಬಾಯಿಪಾಠ: “ಎಂಜಿನ್ ಕೆಟ್ಟರೆ ಅದಕ್ಕೆ ಕೊನೆಯ ಸಲ ಕೈ ಹಾಕಿದವರು ಯಾರು ಅಂತ ಕೇಳು. ಮೊದಲು ನಿನ್ನನ್ನೇ ಕೇಳು.” ಆ ಲಿವರಿಗೆ ಮತ್ತೆಂದೂ ಬಣ್ಣ ತಾಗಲಿಲ್ಲ. ಪವಿತ್ರ ಗುರುವಾರ ಅದನ್ನು ಅವರೇ ಬಟ್ಟೆಯಿಂದ ಥಳಥಳ ಒರೆಸಿ, ಕೀಲಿಗೆ ಎಣ್ಣೆ ಬಿಟ್ಟು, ಮನೆಯಿಂದ ತಂದ ಕೆಂಪು ಮೊಟ್ಟೆಯೊಂದನ್ನು ಪಕ್ಕದ ಉಪಕರಣದ ತಟ್ಟೆಯಲ್ಲಿಟ್ಟು ಹೋಗುತ್ತಿದ್ದರು.

ಈಗ ಹೋದ ತಿಂಗಳ ಮಾತು. ನಿವೃತ್ತರಾದ ಮೇಲೆ ಅವರ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅವರ ಪತ್ನಿ ಅನೆಝೂಲಾ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, “ನಿಮ್ಮ ಮಾಸ್ತ್ರೋನ ವಾಪಸ್ ಕರ್ಕೊಂಡು ಹೋಗಪ್ಪಾ. ಫ್ರಿಜ್ಜಿನ ಸದ್ದು ಸರಿಯಿಲ್ಲ ಅಂತ ಮೂರು ಸಲ ಬಿಚ್ಚಿದಾರೆ. ಹೊರೆ ಇಳಿದ ಎಂಜಿನ್ ಹೇಗೆ ಓಡುತ್ತೋ ಹಾಗೆ ಓಡ್ತಿದಾರೆ” ಎಂದು ಗೋಳಾಡಿದರು. ಗೋಳಿನ ನಡುವೆ ಬಾಯಿ ಜಾರಿತು. “ಅವತ್ತೇ ಪಿರೇಯಸ್ಸಿಗೆ ಹೋಗಿದ್ದರೆ ಈ ಪಾಡಿರಲಿಲ್ಲ.”

ಯಾವತ್ತು ಎಂದು ನಾನು ಕೇಳಿದೆ. ಆಗ ಹೇಳಿದರು. ಹಡಗು ನಿಂತ ಆ ವರ್ಷದ ಈಸ್ಟರ್ ಕಳೆದೊಡನೆ ಎಲ್ಲ ಹಡಗುಗಳ ಮೇಲ್ವಿಚಾರಣೆಯ ಹುದ್ದೆ ಸ್ಟರ್ಗೋಸರಿಗೆಂದು ತೀರ್ಮಾನವಾಗಿತ್ತಂತೆ. ಪಿರೇಯಸ್ಸಿನಲ್ಲಿ ಮನೆ ನೋಡಿಯಾಗಿತ್ತು. ಅಮ್ಮ ಪಿಂಗಾಣಿ ತಟ್ಟೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿಯಾಗಿತ್ತು. ಶನಿವಾರ ಗೂಡಂಗಡಿಯ ಫೋನಿನಲ್ಲಿ ನಿಜ ಕೇಳಿದ ಕಚೇರಿಯವರು, “ಸುಮ್ಮನಿರಿ. ಬಣ್ಣ ಬಳಿದದ್ದೂ ಆ ಎಣ್ಣೆಯವನೇ ಅನ್ನಿ, ಹೇಗೂ ಹೋಗುವವನು. ಇಲ್ಲದಿದ್ದರೆ, ತನ್ನ ಲಿವರಿಗೆ ತಾನೇ ಬಣ್ಣ ಮೆತ್ತಿದವನಿಗೆ ಎಲ್ಲ ಹಡಗುಗಳನ್ನೂ ಹೇಗೆ ಒಪ್ಪಿಸೋಣ?” ಎಂದರಂತೆ.

“ಹಾಗಾದರೆ ಒಪ್ಪಿಸಬೇಡಿ” ಎಂದು ಇವರು ಫೋನ್ ಇಟ್ಟರಂತೆ. ಈಸ್ಟರ್ ದಿನ ಅಮ್ಮ ಒಂದೊಂದೇ ತಟ್ಟೆ ಬಿಚ್ಚಿ ಕಪಾಟಿಗೆ ಮರಳಿ ಇಟ್ಟರು. ಗಂಡನೊಡನೆ ಬಹಳ ದಿನ ಮಾತಾಡಲಿಲ್ಲ.

ನಾನು ಅಲ್ಲಿಂದ ಓಡಿದೆ. ಅವರು ಕಟ್ಟೆಯ ತುದಿಯಲ್ಲಿ ಶತಪಥ ಹಾಕುತ್ತಿದ್ದರು.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದೆ.

“ಅನೆಝೂಲಾ ಬಾಯಿಬಿಟ್ಟಳಾ?” ಎಂದು ಸಮುದ್ರ ನೋಡಿದರು. “ಹೇಳಿದ್ದರೆ ನೀನು ನನ್ನ ಋಣದಲ್ಲಿ ಬೀಳ್ತಿದ್ದೆ. ಋಣದಲ್ಲಿ ಬಿದ್ದವನು ನನ್ನ ತಪ್ಪು ಕಂಡರೂ ಬಾಯಿ ಮುಚ್ಕೊಂಡಿರ್ತಾನೆ. ನನಗೆ ಕೆಳಗೆ ಬಾಯಿ ಬಿಡೋನು ಬೇಕಿತ್ತು ಕಣೋ.” ಆಮೇಲೆ ‘ಅಯಾ ಕ್ಯುರಾ’ದ ಕಡೆ ಕಿವಿ ತಿರುಗಿಸಿ, “ಆ ನಾಲ್ಕನೇ ಸಿಲಿಂಡರ್ ನೋಡಿಸು, ಸರಿಯಿಲ್ಲ” ಎಂದರು.

ಅವರ ಜಾಗದಲ್ಲಿ ಈಗ ಮುಖ್ಯ ಎಂಜಿನಿಯರ್ ಆಗಿರುವವನು ನಾನು. ಇಳಿದು ನೋಡಿದೆ. ಮರಳಿ ಬಂದು, “ನಾಲ್ಕನೆಯದು ಸರಿಯಾಗೇ ಇದೆ ಮಾಸ್ತ್ರೋ. ನಿಮಗೆ ಕಿವಿ ಮಂದವಾಗಿದೆ” ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಅವರು ನಕ್ಕ ನಗು ಕಟ್ಟೆಯ ಈ ತುದಿಯಿಂದ ಆ ತುದಿಗೆ ಕೇಳಿಸಿತು.

ಪೂಜ್ಯ ಸ್ಟರ್ಗೋಸರಿಗೆ ಭಗವಂತ ದೀರ್ಘಾಯುಷ್ಯ ಕೊಡಲಿ. ಕೈಗೆ ಬಿಡುವು ಕೊಡದಿರಲಿ, ಕೊಟ್ಟರೆ ಅನೆಝೂಲಾ ಅಮ್ಮನ ಫ್ರಿಜ್ಜು ಉಳಿಯುವುದಿಲ್ಲ. ಮಾಸ್ತ್ರೋ, ಈ ಪುಸ್ತಕ ನಿಮ್ಮ ಕೈ ಸೇರುವ ಹೊತ್ತಿಗೆ ಪವಿತ್ರ ವಾರ ಬಂದಿರುತ್ತದೆ. ಶುಕ್ರವಾರ ಮುಂದಿನ ಎಡಗಡೆಯ ಕಂಬ ನಿಮ್ಮದೇ. ಹಿಂದೆ ನಾನಿರುತ್ತೇನೆ, ಭಾರವೆನಿಸಿದರೆ ಹಿಂದಕ್ಕೆ ವಾಲಿಸಿಬಿಡಿ. ಗುರುವಾರ ಬೆಳಿಗ್ಗೆ ಎಂಜಿನ್ ಕೋಣೆಯ ಬಾಗಿಲು ತೆರೆದಿಟ್ಟಿರುತ್ತೇನೆ. ಮೊಟ್ಟೆ ತನ್ನಿ ಮಾಸ್ತ್ರೋ. ಬಣ್ಣದ ಡಬ್ಬಿ ಮನೆಯಲ್ಲೇ ಇರಲಿ.